ಸಿಂಗಾಚಾರಿ ಬಿಟ್ಟುಹೋದ ಕುಳಿ

ಯಾವ ಕಾಲವೋ ಏನೋ, ಗೊತ್ತಿದ್ದವರು ಯಾರೂ ಉಳಿದಿಲ್ಲ. ಆಗ ಹೊಳೆದಂಡೆಯಲ್ಲಿ ಕಲ್ಲಂಚು ಅಂತ ಒಂದೂರು ಇತ್ತಂತೆ. ಆ ಊರಲ್ಲಿ ಸಿಂಗಾಚಾರಿ ಅಂತ ಒಬ್ಬ ಕಮ್ಮಾರ ಇದ್ದನಂತೆ. ಎರಡಾಳುದ್ದ ಇದ್ದ ಅಂತಾರೆ. ನಾನು ನಂಬಲ್ಲ. ಅವನ ಕುಲುಮೆಯ ಬಾಗಿಲು ಇನ್ನೂ ಇದೆ, ಒಳಗೆ ಹೋಗಬೇಕಾದರೆ ನಾನೇ ತಲೆ ಬಗ್ಗಿಸಬೇಕು. ಹೇಳುವವರು ಒಂದಕ್ಕೆ ಎರಡು ಸೇರಿಸುತ್ತಾರೆ, ನೀವು ಸ್ವಲ್ಪ ಕಳೆದುಕೊಂಡೇ ಕೇಳಿ.

ಒಂದು ಮಾತ್ರ ನಿಜ ಇರಬೇಕು. ಅವನು ಭಾರಿ ಅನುಮಾನದ ಮನುಷ್ಯ. ತಟ್ಟೆಗೆ ಬಡಿಸಿದ ಅನ್ನವನ್ನೂ ಕೆದಕಿ ನೋಡಿಯೇ ಉಣ್ಣುತ್ತಿದ್ದನಂತೆ. ಹೆಂಡತಿ ಈರಾಜಮ್ಮ ಹೇಗೆ ಸಹಿಸಿಕೊಂಡಳೋ ಆ ದೇವರಿಗೇ ಗೊತ್ತು.

ಊರಿನ ಮುಂದೆ ಹೊಳೆ. ಬೇಸಿಗೆಯಲ್ಲಿ ಬೆಸ್ತರ ಕರಿತಿಮ್ಮ ಹರಿಗೋಲು ಹಾಕುತ್ತಿದ್ದ. ನೀರು ಏರಿತೋ, ಹರಿಗೋಲೂ ಇಲ್ಲ, ಕರಿತಿಮ್ಮನೂ ಇಲ್ಲ. ಸಿಂಗಾಚಾರಿಯ ಒಬ್ಬಳೇ ಮಗಳು ಮುದ್ದಮ್ಮನನ್ನು ಆಚೆ ದಡಕ್ಕೆ ಕೊಟ್ಟಿದ್ದರು. ಅವಳು ತುಂಬಿದ ಬಸುರಿ. ಸೂಲಗಿತ್ತಿ ಇದ್ದದ್ದು ಈಚೆ ದಡದಲ್ಲಿ. ಹಿಂದಿನ ವರ್ಷ ಅದೇ ಆಚೆ ದಡದಲ್ಲಿ ಒಬ್ಬಳು ಸೂಲಗಿತ್ತಿಯಿಲ್ಲದೆ ಹೆರಿಗೆಯಲ್ಲೇ ತೀರಿಕೊಂಡಿದ್ದಳಂತೆ. ಅದಕ್ಕೇ ಊರವರೆಲ್ಲ ಸೇರಿ ಹೊಳೆಗೆ ಅಡ್ಡಲಾಗಿ ಸರಪಣಿ ಕಟ್ಟಿ, ಬುಟ್ಟಿ ತೂಗುಬಿಟ್ಟು, ಜನರನ್ನು ದಾಟಿಸೋಣ ಅಂತ ನಿಶ್ಚಯ ಮಾಡಿದರು.

ಸರಪಣಿಗೆ ಎರಡೂ ದಡದ ಬಂಡೆಯಲ್ಲಿ ಗೂಟ ಬೇಕಲ್ಲ? ಈಗ ನೀವು ಆ್ಯಂಕರ್ ಬೋಲ್ಟ್ ಅಂತೀರಲ್ಲ, ಅದೇ. ಸಿಂಗಾಚಾರಿ ಆ ಗೂಟಗಳಿಗೆ ಕಬ್ಬಿಣ ಆರಿಸಿದ ಕಥೆ ಕೇಳಿದರೆ ನಿಮಗೆ ಸಿಟ್ಟು ಬರುತ್ತದೆ. ವ್ಯಾಪಾರಿ ತಂದ ಪ್ರತಿ ಹೊರೆಯಿಂದ ಒಂದು ಸಲಾಕೆ ಎಳೆದು, ತಣ್ಣಗಿರುವಾಗಲೇ ಬಡಿದು ಬಗ್ಗಿಸುತ್ತಿದ್ದನಂತೆ. ಮುರಿದ ಜಾಗ ಸಕ್ಕರೆ ಹರಳಿನ ಹಾಗೆ ಕಂಡರೆ ಇಡೀ ಹೊರೆ ವಾಪಸ್. ನಾರಿನ ಹಾಗೆ ಬಗ್ಗಿದರೆ ಮಾತ್ರ ಒಳಗೆ. ಗೂಟದ ಉದ್ದ ಒಂದು ಮೊಳಕ್ಕೆ ಕಡಿಮೆ ಆಗಬಾರದು, ಬಾಲ ಮೀನಿನ ಬಾಲದ ಹಾಗೆ ಸೀಳಿರಬೇಕು. ಬಂಡೆಯಲ್ಲಿ ಕೊರೆದ ಕುಳಿಗೆ ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಗೂಟ ಇಳಿಸಿ ಸೀಸ ಕಾಯಿಸಿ ಹೊಯ್ದರೆ, ಹೊಟ್ಟೆಯಲ್ಲಿ ಗಟ್ಟಿಯಾದದ್ದು ಬಾಯಲ್ಲಿ ಹೊರಗೆ ಬರಬಾರದು. ಅದು ಅವನ ಲೆಕ್ಕಾಚಾರ.

ನೀರು ಏರುವ ಮೊದಲೇ ಆಚೆ ದಡದ ಗೂಟಗಳನ್ನು ನೆಟ್ಟು ಬಂದ. ಸರಪಣಿಯ ಈಚೆ ತುದಿಯನ್ನು ಕರಿತಿಮ್ಮನೇ ಹರಿಗೋಲಿನಲ್ಲಿ ತಂದು ಮತ್ತಿಮರಕ್ಕೆ ಬಿಗಿದಿಟ್ಟ. ಇನ್ನು ಈಚೆ ದಡದ ಕುಳಿಗಳಿಗೆ ಗೂಟ ಇಳಿಸುವುದಷ್ಟೇ ಬಾಕಿ. ಅಲ್ಲೇ ತಕರಾರು ಎದ್ದದ್ದು.

ನಮ್ಮ ಕಡೆ ಏನೇ ಕಟ್ಟಿದರೂ ತಳಪಾಯಕ್ಕೆ ಹಾಲೆರೆದು ನವಧಾನ್ಯ ಹಾಕಬೇಕು, ಗೊತ್ತಲ್ಲ? ಸಿಂಗಾಚಾರಿ ಬೇಡ ಅಂದ. ಕುಳಿ ಒಣಗಿರಬೇಕು, ಖಾಲಿ ಇರಬೇಕು, ಒದ್ದೆಗೆ ಕಾದ ಸೀಸ ಬಿದ್ದರೆ ಸಿಡಿಯುತ್ತದೆ ಅಂದ. ಹಾಲೆರೆಯದೆ ಗೂಟ ಇಳಿಸಕೂಡದು ಅಂತ ಊರವರು ಅಡ್ಡ ನಿಂತರು. ಊರಿಗೆ ಅನುಮಾನ ಹತ್ತಿಕೊಂಡಿತು. ಭೂಮಿತಾಯಿಗೆ ಹಾಲು ಬೇಡ ಅನ್ನುವವನು ಎಂಥವನು? ಇವನು ಬೇರೆ ಯಾರನ್ನಾದರೂ ಬಲಿ ಕೊಡುವ ಯೋಚನೆಯಲ್ಲಿದ್ದಾನೋ ಹೇಗೆ? ಅವತ್ತಿನಿಂದ ಅವನ ಕುಲುಮೆಯ ಹತ್ತಿರ ಮಕ್ಕಳನ್ನು ಬಿಡುತ್ತಿರಲಿಲ್ಲವಂತೆ. ಅವನೂ ಏನು ಕಡಿಮೆ? ಪ್ರತಿ ಕುಳಿಗೂ ಬಟ್ಟೆ ಗಿಡಿದು, ಮೇಲೆ ಕಲ್ಲು ಹೇರಿ, ಹಗಲೂ ರಾತ್ರಿ ಅಲ್ಲೇ ಕೂತ. ಅವನಿಗೆ ಊರಿನ ಮೇಲೆ ಅನುಮಾನ, ಊರಿಗೆ ಅವನ ಮೇಲೆ ಅನುಮಾನ.

ಹೀಗಿರುವಾಗ ಒಂದು ಮಧ್ಯಾಹ್ನ ಆಚೆ ದಡದಲ್ಲಿ ತಮಟೆ ಬಡಿದರು. ಮುದ್ದಮ್ಮನಿಗೆ ನೋವು ಶುರುವಾಗಿದೆ ಅಂತ ಅರ್ಥ. ಹೊಳೆ ಕೆಂಪಗೆ ಉಕ್ಕಿ ಹರಿಯುತ್ತಿತ್ತು. ತಕರಾರು ಬಿಟ್ಟು ಊರೆಲ್ಲ ಬಂಡೆಯ ಮೇಲೆ ಸೇರಿತು. ಸೀಸ ಕಾಯಿಸಿದರು. ಸಿಂಗಾಚಾರಿ ಬಿದಿರಿನ ಊದುಕೊಳವೆ ತೆಗೆದುಕೊಂಡು ಒಂದೊಂದೇ ಕುಳಿ ಊದಿ, ನಾರಿನ ಕುಂಚದಲ್ಲಿ ಉಜ್ಜಿ, ಮತ್ತೆ ಊದುತ್ತಾ ಬಂದ. ಕೊನೆಯ ಕುಳಿಗೆ ಊದಿದ ಕೂಡಲೇ ಅವನ ಮುಖಕ್ಕೆ ಒದ್ದೆ ಕಾಳು ರಾಚಿತು. ಹುಳಿಹಾಲಿನ ವಾಸನೆ.

ಊರವರು ಒಬ್ಬರ ಕೈ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರ ಕಣ್ಣೂ ಕರಿತಿಮ್ಮನ ಮೇಲೆ ಬಿತ್ತು. ಬುಟ್ಟಿ ಓಡಾಡಿದರೆ ಹೊಟ್ಟೆಗೆ ಕಲ್ಲು ಬೀಳುವುದು ಅವನಿಗೇ ತಾನೆ? ಸರಪಣಿ ತಂದುಕೊಟ್ಟವನೇ ಅವನು ಅನ್ನುವುದು ಯಾರಿಗೂ ನೆನಪಾಗಲಿಲ್ಲ. ಕುತ್ತಿಗೆಪಟ್ಟಿ ಹಿಡಿದು ಹೊಳೆಯ ಅಂಚಿಗೆ ಎಳೆದರು. ಆಗ ಈರಾಜಮ್ಮ ಕೂಗಿದಳಂತೆ.

"ಅವನನ್ನ ಬಿಡ್ರಪ್ಪಾ! ನಾನೇ ಹಾಕಿದ್ದು. ಬುತ್ತಿ ತಂದಾಗ, ಇವರು ಕೈ ತೊಳೆಯೋಕೆ ಇಳಿದಿದ್ರಲ್ಲ, ಆವಾಗ ಕಲ್ಲು ಸರಿಸಿ ಹಾಲು, ಕಾಳು ಹಾಕ್ದೆ. ಭೂಮ್ತಾಯಿ ಮುನಿಸ್ಕೊಂಡು ನನ್ನ ಮಗಳನ್ನ ತಗೊಂಡ್ಬಿಟ್ರೆ ಅಂತ ಭಯ ಆಯ್ತು."

ಊರೆಲ್ಲರನ್ನೂ ಅನುಮಾನಿಸಿದವನು ಹೆಂಡತಿಯೊಬ್ಬಳನ್ನು ಅನುಮಾನಿಸಿರಲಿಲ್ಲ ನೋಡಿ.

ಕೆಂಡ ಹಾಕಿ ಒಣಗಿಸು ಅಂದರು. ಆ ಒಂದು ಗೂಟ ಬಿಟ್ಟುಬಿಡು ಅಂದರು. ಒಂದು ಕಡಿಮೆಯಾದರೆ ಉಳಿದವಕ್ಕೆ ಭಾರ ಜಾಸ್ತಿ ಅಂದ ಅವನು. ಆಚೆ ತಮಟೆ ನಿಲ್ಲಲೇ ಇಲ್ಲ. ಈರಾಜಮ್ಮ ಅವನ ಕಾಲು ಹಿಡಿದಳು.

"ಒಣಗಿದ್ಯೋ ಇಲ್ವೋ ಅಂತ ನೋಡೋಕೆ ಅದರ ಹೊಟ್ಟೆಯೊಳಕ್ಕೆ ನನ್ನ ಕಣ್ಣು ಹೋಗಲ್ಲ ಕಣೇ," ಅಂದನಂತೆ. "ಕಾಣದೇ ಇರೋದನ್ನ ನಂಬಿ ಯಾರನ್ನೂ ಹೊಳೆ ಮೇಲೆ ಜೋತುಬಿಡಲ್ಲ."

ಆ ಕುಳಿಯಿಂದ ಒಂದು ಮಾರು ದೂರ ಸರಿದು ಹೊಸ ಕುಳಿ ಕೊರೆಯಲು ಕೂತ. ಒಂದೇ ಏಟಿಗೆ ಕೊರೆದ ಅಂತಾರೆ, ಸುಳ್ಳು. ಸಂಜೆಯಾಯಿತು. ಊರವರು ಅವನಿಗೆ ಹಿಡಿಶಾಪ ಹಾಕಿದರು, ಮಗಳಿಗಿಂತ ಕಲ್ಲು ಹೆಚ್ಚಾಯಿತೇ ಅಂದರು. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ. ಉಳಿ ಹಿಡಿದು ಕೊಟ್ಟವನು ಕರಿತಿಮ್ಮ. ಊದಿದ, ಉಜ್ಜಿದ, ಊದಿದ. ಗೂಟ ಇಳಿಸಿ ಸೀಸ ಹೊಯ್ದ.

ಸೀಸ ಆರಿದ ಮೇಲೆ, ಸರಪಣಿ ಬಿಗಿದು ಬುಟ್ಟಿ ಕಟ್ಟಿದರು. ಮೊದಲು ಕೂತವನೂ ಕರಿತಿಮ್ಮನೇ. ನನ್ನ ಮೇಲೆ ತಾನೆ ಅನುಮಾನ ಪಟ್ಟಿರಿ, ನನ್ನ ಭಾರವನ್ನೇ ನೋಡಿ ಅಂದನಂತೆ. ಹೋಗಿ ಬಂದ. ಆಮೇಲೆ ಸೂಲಗಿತ್ತಿ ಕೂತಳು, ಜೊತೆಗೆ ಈರಾಜಮ್ಮ. ಬುಟ್ಟಿ ಆಚೆ ಮುಟ್ಟುವವರೆಗೂ ಸಿಂಗಾಚಾರಿ ಗೂಟದ ಮೇಲೆ ಅಂಗೈ ಇಟ್ಟುಕೊಂಡೇ ನಿಂತಿದ್ದ. ಗೂಟ ಅಲುಗಲಿಲ್ಲ. ತಾಯಿ, ಮಗು ಇಬ್ಬರೂ ಉಳಿದರು. ಮಗು ಗಂಡು ಅಂತಾರೆ, ಹೆಣ್ಣು ಅಂತಾರೆ. ಕೇಳಿದಾಗಲೆಲ್ಲ ಬದಲಾಗುತ್ತದೆ.

ಈರಾಜಮ್ಮ ವಾಪಸ್ ಬಂದವಳು ನಾಚಿಕೆಯಿಂದ ಆ ಹಳೇ ಕುಳಿಯನ್ನು ಮುಚ್ಚಿಬಿಡಿ ಅಂದಳಂತೆ. ಸಿಂಗಾಚಾರಿ ಮುಚ್ಚಲಿಲ್ಲ. ನಿನ್ನ ಹಾಲಿಗೆ ಒಂದು ಜಾಗ ಇರಲಿ ಅಂದನಂತೆ.

ಸರಪಣಿ ಈಗಿಲ್ಲ. ಗೂಟಗಳಿವೆ, ಆ ಕುಳಿ ಇದೆ. ಆ ಸೀಮೆಯಲ್ಲಿ ಇವತ್ತಿಗೂ ಮೇಸ್ತ್ರಿಗಳು ಬೋಲ್ಟು ಕೂರಿಸುವ ಮೊದಲು ಊದಿ, ಉಜ್ಜಿ, ಮತ್ತೆ ಊದುತ್ತಾರೆ. ಮಗಳು ಬಸುರಿಯಾದರೆ ತಾಯಂದಿರು ಹೋಗಿ ಆ ಖಾಲಿ ಕುಳಿಗೆ ಹಾಲೆರೆದು ಕಾಳು ಹಾಕಿ ಬರುತ್ತಾರೆ. ನಾನು ಇದನ್ನೆಲ್ಲ ನಂಬುವವನಲ್ಲ, ನಿಮಗೆ ಗೊತ್ತಲ್ಲ. ಆದರೂ ನನ್ನ ಮಗಳ ಹೆರಿಗೆಯ ಹೊತ್ತಿಗೆ ಮನೆಯವಳು ಹಾಲಿನ ಚೆಂಬು ಹಿಡಿದು ಹೊರಟಾಗ, ಕಾಳಿನ ಗಂಟು ಹಿಡಿದುಕೊಂಡು ನಾನೂ ಹಿಂದೆ ಹೋದೆ.