ಮುಳ್ಳು ಅಲುಗದ ಜಾಗ

ಶಿಷ್ಯೆ ಕೇಳಿದಳು: “ಗುರುಗಳೇ, ಸಿಟ್ಟಿನಲ್ಲಿ ನನ್ನ ತಂಗಿಗೆ ಆಡಬಾರದ ಮಾತು ಆಡಿದೆ. ಮಾರನೆಯ ದಿನದಿಂದಲೇ ಮೊದಲಿನಂತಾದೆ. ಅದೇ ಅಕ್ಕರೆ, ಅದೇ ದನಿ. ಆದರೂ ಅವಳು ನನ್ನೆದುರು ಕೂತು ಉಣ್ಣುವುದಿಲ್ಲ. ನಾನು ಇನ್ನೇನು ಮಾಡಲಿ?”

ಗುರುಗಳು ಹೇಳಿದರು:

ಒಬ್ಬ ಹೆಂಗಸು ಕಬ್ಬಿಣ ಕೊರೆಯುವ ಮಿಲ್ಲಿಂಗ್ ಯಂತ್ರ ಇಟ್ಟುಕೊಂಡು ಬದುಕುತ್ತಿದ್ದಳು. ಯಾರೂ ಕಲಿಸಿದ್ದಲ್ಲ, ತಾನೇ ಕಲಿತಿದ್ದಳು. ಆ ಯಂತ್ರದ ಕಂಬ ದುಂಡಗಿತ್ತು. ತಿರುಗುತ್ತ ಕೊರೆಯುವ ಉಳಿಯನ್ನು ಹಿಡಿದ ತಲೆ ಆ ಕಂಬವನ್ನು ಅಪ್ಪಿಕೊಂಡಿತ್ತು. ತಲೆಯನ್ನು ಮೇಲಕ್ಕೆತ್ತಲು ಬೋಲ್ಟು ಸಡಿಲಿಸಿದರೆ ಅದು ಕಂಬದ ಸುತ್ತ ತುಸು ತಿರುಗಿಬಿಡುತ್ತಿತ್ತು. ಅದಕ್ಕೆಂದೇ ಅವಳು ಕಂಬಕ್ಕೂ ತಲೆಗೂ ಸೇರುವಂತೆ ಒಂದು ಗೆರೆ ಕೊರೆದಿದ್ದಳು.

ಒಂದು ದಿನ ಒಬ್ಬ ನೇಕಾರ ಮಗ್ಗದ ದಂಡ ಕೂತು ತಿರುಗುವ ಒಂದು ಕಬ್ಬಿಣದ ಗೂಡು ತಂದ. ಅದರ ತೂತು ಸವೆದು ಹೋಗಿತ್ತು.

“ಅಗಲ ಮಾಡಿ ಕೊಡವ್ವ. ಇದನ್ನ ಎರಕ ಹೊಯ್ದವರು ಈಗಿಲ್ಲ. ಇದು ಕೆಟ್ಟರೆ ಮಗ್ಗ ಗುಜರಿಗೇ.”

ಅವಳು ಗೂಡನ್ನು ಮೇಜಿಗೆ ಬಿಗಿದಳು. ಗಿಡ್ಡ ಉಳಿಯಿಂದ ಅರ್ಧ ಆಳ ಕೊರೆದಳು. ಉಳಿದರ್ಧಕ್ಕೆ ಉದ್ದದ ಉಳಿ ಬೇಕಾಯಿತು. ಅದಕ್ಕೆ ತಲೆಯ ಕೆಳಗೆ ಎಡೆ ಸಾಲಲಿಲ್ಲ. ತಲೆಯನ್ನು ಸಡಿಲಿಸಿ ಎತ್ತಿದಳು, ಗೆರೆಗೆ ಗೆರೆ ಕೂಡಿಸಿದಳು, ಬಿಗಿದಳು.

“ಉಳಿ ತೂತಿಗೆ ನೇರ ಇದೆಯಾ ಒಂದ್ಸಲ ನೋಡ್ಬಾರ್ದಾ ತಾಯಿ?” ಎಂದ ನೇಕಾರ.

“ಇಪ್ಪತ್ತು ವರ್ಷದ ಗೆರೆ ಇದು. ನಿನ್ನ ಮಗ್ಗಕ್ಕೆ ಬಂದು ನಾನು ಹೀಗೆ ಕೇಳ್ತೀನಾ?”

ಯಂತ್ರ ಚಾಲೂ ಮಾಡಿದಳು. ಉಳಿ ತೂತಿನ ಒಂದೇ ಬದಿಯನ್ನು ತರಿಯಿತು. ಸಪ್ಪಳ ಕೇಳಿದೊಡನೆ ನಿಲ್ಲಿಸಿದಳು. ನೇಕಾರ ಬಗ್ಗಿ ತರಿದ ಜಾಗವನ್ನು ಬೆರಳಿನಿಂದ ಸವರಿದ. ಅವಳು ಅದನ್ನು ನೋಡಿದಳು.

ಗೆರೆ ಇದ್ದದ್ದು ಕಂಬದ ಮೈಮೇಲೆ. ಉಳಿ ಇದ್ದದ್ದು ಮೊಳ ದೂರದಲ್ಲಿ. ಅಲ್ಲಿ ಕಣ್ಣಿಗೆ ಕಾಣದ ತಪ್ಪು ಇಲ್ಲಿ ನೂಲಿನಷ್ಟು ದಪ್ಪವಾಗಿತ್ತು.

ಅವಳು ಉಳಿಯನ್ನು ಬಿಚ್ಚಿ ಆ ಜಾಗಕ್ಕೆ ಡಯಲ್ ಸಿಕ್ಕಿಸಿದಳು. ಅದು ಕೂದಲೆಳೆಯಷ್ಟು ಏರುಪೇರಾದರೂ ಮುಳ್ಳಿನಲ್ಲಿ ತೋರಿಸುವ, ಪುಟ್ಟ ಗಡಿಯಾರದಂಥ ಮಾಪಕ. ಅದರ ಕಡ್ಡಿಯನ್ನು ಮೊದಲು ಕೊರೆದ ತೂತಿನ ಒಳಗೋಡೆಗೆ, ತರಿದ ಗಾಯಕ್ಕಿಂತ ಕೆಳಗೆ, ತಾಗಿಸಿ ಕೈಯಿಂದ ಒಂದು ಸುತ್ತು ತಿರುಗಿಸಿದಳು. ಮುಳ್ಳು ಹೊಯ್ದಾಡಿತು. ಬೋಲ್ಟು ಸಡಿಲಿಸಿ, ಮರದ ಸುತ್ತಿಗೆಯಿಂದ ತಲೆಯನ್ನು ಮೆಲ್ಲಗೆ ತಟ್ಟಿದಳು. ಮತ್ತೆ ತಿರುಗಿಸಿದಳು. ಮತ್ತೆ ತಟ್ಟಿದಳು. ಬಿಗಿಯುವಾಗ ತುಸು ಜರುಗಿತು, ಮೊದಲಿನಿಂದ ಶುರುಮಾಡಿದಳು. ಊಟದ ಹೊತ್ತು ಮೀರಿತು. ಕಡೆಗೆ ಪೂರ್ತಿ ಸುತ್ತಿಗೂ ಮುಳ್ಳು ಅಲುಗಲಿಲ್ಲ.

ನೇಕಾರ ಕಂಬದ ಕಡೆ ನೋಡಿದ. “ಅಯ್ಯೋ, ನಿನ್ನ ಗೆರೆ ಕೂಡ್ತಾ ಇಲ್ವಲ್ಲವ್ವಾ!”

“ಕೂಡದಿದ್ರೆ ಬಿಡಪ್ಪ. ಅದು ನಾನು ಗೀಚಿದ್ದು” ಎಂದಳು. “ನಿನ್ನ ತೂತು ಒಪ್ಪಿದೆ.”

ಉಳಿದ ಅರ್ಧವನ್ನು ಕೊರೆದು, ಕಡೆಗೆ ಇಡೀ ತೂತನ್ನು ಇನ್ನೊಂದು ನೂಲಿನಷ್ಟು ಕೊರೆದಳು. ತೂತು ಅಗಲವಾದಂತೆ ತರಿದ ಗಾಯವೂ ಅಳಿಯಿತು. ಮಗ್ಗ ನಡೆಯಿತು.

ಗುರುಗಳು ಕಥೆ ಮುಗಿಸಿದರು.

“ಆದರೆ ನಾನು ನಿಜವಾಗಿಯೂ ಮೊದಲಿನಂತೆಯೇ ಇದ್ದೇನೆ” ಎಂದಳು ಶಿಷ್ಯೆ.

ಗುರುಗಳು ಅವಳ ತಲೆ ನೇವರಿಸಿದರು.

“ಅದನ್ನು ಹೇಳಬೇಕಾದವರು ಯಾರು ಮಗಳೇ, ನೀನೋ, ನೊಂದವಳೋ?”