ಊರಿಗೊಂದು ಪಿಯಾನೊ

ವೇದಿಕೆಯ ಮೇಲಿದ್ದ ಹಳೆಯ ಪಿಯಾನೊವನ್ನು ಕಂಡು ಪಿಟೀಲಿಗೆ ನಗು ಬಂತು.

"ನನ್ನ ಯಜಮಾನ ಎಲ್ಲಿಗೆ ಹೋದರೂ ನನ್ನನ್ನು ಮಗುವಿನ ಹಾಗೆ ಎತ್ತಿಕೊಂಡೇ ಹೋಗುತ್ತಾನೆ. ನಿನ್ನನ್ನು ನುಡಿಸುವ ಫ್ಲೋರಿನ್ ನಲವತ್ತು ವರ್ಷದಿಂದ ಕಛೇರಿ ಮಾಡುತ್ತಿದ್ದಾಳೆ, ಇವತ್ತಿಗೂ ಊರಿಗೊಂದು ಪಿಯಾನೊ. ನೀನು ಅವಳಿಗೆ ಪರಿಚಯವಾದದ್ದೇ ಇವತ್ತು ಬೆಳಿಗ್ಗೆ. ಇದೂ ಒಂದು ನಂಟೇ?"

ಪಿಯಾನೊದ ಭಯವೇ ಬೇರೆ. ನಡುವಿನ ಒಂದು ಕೀ ಒತ್ತಿದರೆ ಮೇಲೇಳುತ್ತಿರಲಿಲ್ಲ. ಇನ್ನೊಂದು ದೂರು ಬಂದರೆ ಗುಜರಿಗೆ ಹಾಕುತ್ತೇನೆಂದು ಸಭಾಂಗಣದ ಮ್ಯಾನೇಜರ್ ಹೇಳಿಯಾಗಿತ್ತು. ಬೆಳಿಗ್ಗೆ ಫ್ಲೋರಿನ್ ಎಂಬತ್ತೆಂಟು ಕೀಗಳನ್ನೂ ಒಂದೊಂದಾಗಿ ಒತ್ತಿ ನೋಡಿದ್ದಳು, ಆ ಕೀಯನ್ನು ಮಾತ್ರ ಮತ್ತೆ ಮತ್ತೆ ಒತ್ತಿ ನೋಡಿದ್ದಳು.

ಸಂಜೆ ಕಛೇರಿಯಲ್ಲಿ ಆ ಕೀ ಒತ್ತಿದಾಗಲೆಲ್ಲ ಅವಳು ಪಕ್ಕದ ಬೆರಳಿನ ಉಗುರಿನಿಂದ ಅದನ್ನು ಮೆಲ್ಲಗೆ ಮೇಲಕ್ಕೆತ್ತಿದಳು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

"ಪಿಯಾನೊ ಹೇಗಿದೆ ಮೇಡಂ?" ಎಂದು ಮ್ಯಾನೇಜರ್ ಕೇಳಿದ.

"ಇನ್ನೂ ಬಹಳ ವರ್ಷ ಬಾಳುತ್ತೆ. ಒಂದು ಕೀ ಸರಿ ಮಾಡಿಸಿ, ಅಷ್ಟೆ."

"ಒಂದು ಸ್ವರವೂ ತಪ್ಪಲಿಲ್ಲವಲ್ಲ!" ಎಂದು ಪಿಟೀಲು ಬೆರಗಾಯಿತು.

ಪಿಯಾನೊ ಅಂದಿತು: "ತಮ್ಮ ಮಗುವನ್ನು ಎಲ್ಲರೂ ಎತ್ತಿಕೊಳ್ಳುತ್ತಾರಪ್ಪ. ಇವಳು ನಲವತ್ತು ವರ್ಷದಿಂದ ಕಂಡವರ ಮಕ್ಕಳ ಮೂಗು ಒರೆಸುತ್ತಿದ್ದಾಳೆ."