ಬೀಗರ ಪಾನಕ

"ಬುದ್ಧಿ, ನನ್ನ ದೇಹ ನನಗೆ ಹಗೆಯೇ?" ಎಂದು ಶಿಷ್ಯ ಮಠದ ಗುರುಗಳನ್ನು ಕೇಳಿದ.

ಕೇಳಿದವನ ಹೆಸರು ನಂಜುಂಡ. ಮಠ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಹಿಂದಿನ ದಿನ ಬುದ್ಧಿಯವರ ಜೊತೆ ಘಟ್ಟದ ಬಸ್ಸಿನಲ್ಲಿ ಬರುವಾಗ ಅವನು ದಾರಿಯುದ್ದಕ್ಕೂ ತಲೆ ಬಗ್ಗಿಸಿ ಪುಸ್ತಕ ಓದಿದ್ದ. ಅರ್ಧ ಘಟ್ಟ ಇಳಿಯುವಷ್ಟರಲ್ಲಿ ಹೊಟ್ಟೆ ತೊಳಸಿತು. ಬೆಳಿಗ್ಗೆ ಉಂಡ ಪ್ರಸಾದವನ್ನೆಲ್ಲ ಗುರುಗಳ ಮಡಿಲಿಗೇ ಕಕ್ಕಿದ.

ಜೊತೆಯವರು ಸುಮ್ಮನೆ ಬಿಡುತ್ತಾರೆಯೇ? "ನಂಜು ಉಂಡವನ ಹೆಸರಿಟ್ಟುಕೊಂಡು ಉಪ್ಪಿಟ್ಟು ದಕ್ಕಿಸಿಕೊಳ್ಳಲಿಲ್ಲವಲ್ಲೋ" ಎಂದು ಆಡಿಕೊಂಡರು. ನಂಜುಂಡನಿಗೆ ನಗು ಬರಲಿಲ್ಲ. ಧ್ಯಾನಕ್ಕೆ ಕೂತರೆ ಮಂಡಿ ನೋಯುತ್ತದೆ. ಪ್ರಸಾದ ಕೊಟ್ಟರೆ ಹೊಟ್ಟೆ ಹೊರಗೆ ಹಾಕುತ್ತದೆ. ಇಂಥ ಮೈಯನ್ನು ಉಪವಾಸ ಕೆಡವಿಯೇ ಬಗ್ಗಿಸಬೇಕೆಂದು ಅವನು ತೀರ್ಮಾನಿಸಿದ. ಆಗಿನಿಂದ ಒಂದು ಅಗುಳನ್ನೂ ಮುಟ್ಟಿರಲಿಲ್ಲ. ಮೈ ಬಗ್ಗದಿದ್ದರೆ ಮಠ ಬಿಟ್ಟು ಊರಿಗೆ ಹೋಗುವುದೆಂದು ಬಟ್ಟೆಯ ಗಂಟನ್ನೂ ಕಟ್ಟಿಟ್ಟಿದ್ದ.

ಬುದ್ಧಿಯವರು ಮುದ್ದೆಯ ತಟ್ಟೆಯನ್ನು ಅವನ ಕಡೆಗೆ ನೂಕಿದರು. ಅವನು ಅದನ್ನು ಹಿಂದಕ್ಕೆ ನೂಕಿದ.

"ಆಯ್ತಪ್ಪ, ತಿನ್ನಬೇಡ. ನನ್ನ ಕಾವಿಯಂತೂ ಇನ್ನೂ ಒಣಗಿಲ್ಲ, ನನಗೂ ಬೇರೆ ಕೆಲಸವಿಲ್ಲ. ಕತೆ ಕೇಳುವುದಕ್ಕೆ ಉಪವಾಸ ಅಡ್ಡ ಬರುವುದಿಲ್ಲ ತಾನೆ?" ಎಂದು ಅವರು ಹೇಳತೊಡಗಿದರು.

ಒಂದು ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಅವನಿಗೆ ಹೊಳೆಯೇ ಅಂಗಳ. ದೋಣಿಯಲ್ಲಿ ಯಾರಾದರೂ ವಾಂತಿ ಮಾಡಿಕೊಂಡರೆ ಅವನು ನಗುತ್ತಿದ್ದ. "ಮನಸ್ಸು ಗಟ್ಟಿ ಇದ್ದರೆ ಹೊಟ್ಟೆಯೂ ಗಟ್ಟಿ ಇರುತ್ತದೆ" ಎನ್ನುತ್ತಿದ್ದ. ಹುಟ್ಟು ಹಾಕುವವನು ನೀರು ನೋಡುತ್ತಾನೆ, ದಡ ನೋಡುತ್ತಾನೆ, ಅವನಿಗೆ ತಲೆ ಸುತ್ತುವುದಿಲ್ಲ. ಇದು ಅವನಿಗೆ ಹೊಳೆದಿರಲಿಲ್ಲ. ತಾನು ಧೀರ ಎಂದೇ ತಿಳಿದಿದ್ದ. ನಮ್ಮ ಮಠದಲ್ಲೂ ಅಂಥವರಿದ್ದಾರೆ, ಹೆಸರು ಬೇಡ.

ಅವನಿಗೆ ಒಬ್ಬಳೇ ಮಗಳು. ಆಚೆ ದಡದ ಅಂಬಿಗರ ಮನೆಯಿಂದ ಸಂಬಂಧ ಕೂಡಿಬಂತು. ಹುಡುಗ ಒಳ್ಳೆಯವನು. ಮಗಳು ಒಪ್ಪಿದ್ದಳು. ಬರೀ ಒಪ್ಪಿದ್ದಲ್ಲ, ಆಚೆ ದಡ ನೋಡುತ್ತಾ ನಿಂತು ಒಲೆಯ ಮೇಲಿನ ಸಾರು ಉಕ್ಕಿಸುವಷ್ಟು ಒಪ್ಪಿದ್ದಳು. ಹುಡುಗನ ತಾಯಿ ಮಾತ್ರ ಬಲು ಜೋರು. ಒಳ್ಳೆಯ ಹೆಂಗಸೇ, ಆದರೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಹೆಣ್ಣಿನ ಕಡೆಯವರು ತನ್ನನ್ನು ಎಲ್ಲಿ ಹಗುರವಾಗಿ ಕಾಣುತ್ತಾರೋ ಎಂಬುದೊಂದೇ ಅವಳ ಚಿಂತೆ.

ಆ ಕಡೆಯ ಅಂಬಿಗರಲ್ಲಿ ಒಂದು ಪದ್ಧತಿಯಿತ್ತು. ಮದುವೆಯ ದಿನ ಗಂಡಿನವರೇ ದೋಣಿ ತಂದು ಹೆಣ್ಣಿನವರನ್ನು ಕರೆದೊಯ್ಯಬೇಕು. ಅದಕ್ಕೆ ಬೀಗರ ದೋಣಿ ಎಂದು ಹೆಸರು. ದೋಣಿಯ ನಡುವೆ ಚಪ್ಪರ, ಚಪ್ಪರದ ಸುತ್ತ ಸೀರೆಯ ಪರದೆ, ಒಳಗೆ ಕಂಬಳಿಯ ಹಾಸು. ಹೆಣ್ಣಿನ ತಂದೆ ಅದರ ಮೇಲೆ ದೊರೆಯ ಹಾಗೆ ಕೂರಬೇಕು. ಹತ್ತುವ ಮೊದಲು ಬೀಗಿತ್ತಿ ತನ್ನ ಕೈಯಾರೆ ಒಂದು ಚೊಂಬು ಪಾನಕ ಕೊಡುತ್ತಾಳೆ. ಹನಿ ಉಳಿಸದೆ ಕುಡಿಯಬೇಕು. ಆಮೇಲೆ ಆಚೆ ದಡ ಮುಟ್ಟುವವರೆಗೆ ಅವನು ಹುಟ್ಟಿಗೆ ಕೈ ಹಾಕಬಾರದು. ಹಾಕಿದರೆ, ಬೀಗರಿಗೆ ದೋಣಿ ನಡೆಸಲು ಬರುವುದಿಲ್ಲ ಎಂದ ಹಾಗೆ. ಪಾನಕ ಉಳಿಸಿದರೆ, ಸಂಬಂಧ ಬೇಡ ಎಂದ ಹಾಗೆ.

ಉಳಿಸುವುದೇ ಅಷ್ಟು ದೊಡ್ಡ ತಪ್ಪಾದರೆ ಕಕ್ಕುವುದು ಎಷ್ಟು ದೊಡ್ಡದು, ನೀನೇ ಯೋಚಿಸು.

ಅಂಬಿಗ ಪಾನಕ ಕುಡಿದ. ಬೆಲ್ಲ, ಏಲಕ್ಕಿ, ನಿಂಬೆ, ಎಲ್ಲ ಹದವಾಗಿತ್ತು. "ಅಮೃತ ಕಣಮ್ಮ" ಎಂದ. ಬೀಗಿತ್ತಿಯ ಮುಖ ಅರಳಿತು. ಅವನು ಪರದೆಯೊಳಗೆ ಹೋಗಿ ಕೂತ. ಮಗಳು ಕಳಶ ಹಿಡಿದು ದೋಣಿಯ ಮುಂಭಾಗದಲ್ಲಿ ಕೂತಳು, ಪಕ್ಕದಲ್ಲಿ ಬೀಗಿತ್ತಿ. ಹುಡುಗನ ಚಿಕ್ಕಪ್ಪ ಹುಟ್ಟು ಹಿಡಿದ. ಹೊಳೆಗೆ ಹೊಸ ನೀರು ಬಂದಿತ್ತು, ದೋಣಿ ತೊಟ್ಟಿಲ ಹಾಗೆ ತೂಗುತ್ತಿತ್ತು.

ಹುಟ್ಟಿದಾಗಿನಿಂದ ಹೊಳೆ ನೋಡುತ್ತಾ ಬೆಳೆದವನು ಅಂದು ಮೊದಲ ಸಲ ಹೊಳೆ ಕಾಣದೆ ಹೊಳೆ ದಾಟುತ್ತಿದ್ದ. ಕಣ್ಣ ಮುಂದೆ ಹಸಿರು ಸೀರೆ, ಅದರ ತುಂಬ ಹೂವಿನ ಬುಟ್ಟಾ. ಸ್ವಲ್ಪ ಹೊತ್ತಿಗೆ ಆಕಳಿಕೆ ಬಂತು. ಬಾಯಲ್ಲಿ ನೀರೂರಿತು. ಹಣೆ ತಣ್ಣಗೆ ಬೆವರಿತು. ಮುಂದಿನದು ನಿನಗೆ ಗೊತ್ತಲ್ಲ, ನಾನು ಹೇಳುವುದೇನಿದೆ.

ಇಲ್ಲಿ ಒಂದು ಮಾತು ಕೇಳು. ನಮ್ಮೆಲ್ಲರ ತಲೆಯೊಳಗೆ ಒಬ್ಬ ಅಜ್ಜಿ ಇದ್ದಾಳೆ. ನೀನು ಮಿದುಳು ಅನ್ನು, ನಾನು ಅಜ್ಜಿ ಅನ್ನುತ್ತೇನೆ. ಅವಳದು ಕಿಟಕಿಯಿಲ್ಲದ ಕತ್ತಲ ಕೋಣೆ. ಒಂದು ದಿನವೂ ಹೊರಗೆ ಬಂದವಳಲ್ಲ. ಹೊರಗಿನ ಸುದ್ದಿಯನ್ನು ಬೇರೆಯವರು ತಂದು ಹೇಳಬೇಕು. ಅಂದು ಕಣ್ಣು ಬಂದು, "ಅಜ್ಜಿ, ನಾವು ಮನೆಯೊಳಗೆ ಕೂತಿದ್ದೇವೆ, ಸುತ್ತ ಎಲ್ಲ ಇದ್ದಲ್ಲೇ ಇದೆ" ಎಂದಿತು. ಕಿವಿಯ ಆಳದಲ್ಲಿ ಒಂದಿಷ್ಟು ನೀರಿದೆ, ಮೈ ವಾಲಿದರೆ ಅದೂ ವಾಲುತ್ತದೆ. ಆ ಕಿವಿ ಬಂದು, "ಇಲ್ಲಜ್ಜಿ, ನಾವು ಏಳುತ್ತಿದ್ದೇವೆ, ಬೀಳುತ್ತಿದ್ದೇವೆ" ಎಂದಿತು. ಇಬ್ಬರೂ ನಂಬಿಕಸ್ತರು. ಇಬ್ಬರೂ ಕಂಡದ್ದನ್ನೇ ಹೇಳಿದ್ದರು.

ಅಜ್ಜಿ ಏನು ಮಾಡಬೇಕು? ಅವಳು ಕಾಡಿನಲ್ಲಿ ಗೆಡ್ಡೆ, ಹಣ್ಣು ಹೆಕ್ಕಿ ತಿನ್ನುತ್ತಿದ್ದ ಕಾಲದವಳು. ಅವಳಿಗೆ ದೋಣಿ ಗೊತ್ತಿಲ್ಲ, ಪರದೆ ಗೊತ್ತಿಲ್ಲ. ನಿನ್ನ ಘಟ್ಟದ ಬಸ್ಸಂತೂ ಗೊತ್ತೇ ಇಲ್ಲ. ಆ ಕಾಲದಲ್ಲಿ ಕಣ್ಣು ಒಂದು ಹೇಳಿ ಕಿವಿ ಇನ್ನೊಂದು ಹೇಳಿದರೆ ಅದಕ್ಕೆ ಒಂದೇ ಅರ್ಥ, ಮಗು ಏನೋ ನಂಜು ತಿಂದಿದೆ. ಹೀಗೆಯೇ ಇರಬೇಕೆಂದು ಬಲ್ಲವರು ಊಹಿಸುತ್ತಾರೆ. ನನಗಂತೂ ಅನುಮಾನವಿಲ್ಲ. ಯಾವ ಊರಿನ ಅಜ್ಜಿಯಾದರೂ ಅಷ್ಟೆ, ಮೊಮ್ಮಗ ಮುಖ ಸಪ್ಪಗೆ ಮಾಡಿದರೆ ಮೊದಲು ಕೇಳುವುದು "ಏನು ತಿಂದೆಯೋ" ಎಂದೇ. ಇವಳು ಉತ್ತರಕ್ಕೂ ಕಾಯಲಿಲ್ಲ. ಕಕ್ಕಿಸಿದಳು.

ಪಾನಕ ಹಸಿರು ಸೀರೆಯ ಪಾಲಾಯಿತು. ಸದ್ದು ಕೇಳಿ ಬೀಗಿತ್ತಿ ಪರದೆ ಸರಿಸಿ ನೋಡಿದಳು.

"ಏನು ಬೀಗರೇ, ನನ್ನ ಪಾನಕದಲ್ಲಿ ವಿಷವಿತ್ತೇ?" ಎಂದಳು.

ಒಳಗೆ ಅಜ್ಜಿಗೆ ಬಂದ ಅನುಮಾನವೇ ಹೊರಗೆ ಬೀಗಿತ್ತಿಯ ಬಾಯಲ್ಲಿ ಬಂತು ನೋಡು. ಅಂಬಿಗ ಉತ್ತರ ಹೇಳಲು ಬಾಯಿ ತೆರೆದ. ಮಾತಿನ ಬದಲು ಉಳಿದ ಪಾನಕ ಬಂತು.

"ತಿಳಿಯಿತು ಬಿಡಿ. ನಮ್ಮ ಸಂಬಂಧ ನಿಮಗೆ ಒಗ್ಗಲಿಲ್ಲ" ಎಂದು ಅವಳು ಪರದೆ ಎಳೆದಳು. ಹುಟ್ಟು ಹಿಡಿದಿದ್ದ ಮೈದುನನ ಕಡೆ ತಿರುಗಿ, "ದೋಣಿ ತಿರುಗಿಸು. ಇವರನ್ನು ಇವರ ದಡಕ್ಕೇ ಬಿಟ್ಟು ಬರೋಣ" ಎಂದಳು.

ಮಗಳು ಕಳಶ ಅಪ್ಪಿಕೊಂಡು ತಲೆಯೆತ್ತಿ ನೋಡಿದಳು. ಆಚೆ ದಡದಲ್ಲಿ ವಾಲಗದವರು ಕಾಣುತ್ತಿದ್ದರು, ಪೇಟ ಸುತ್ತಿಕೊಂಡು ನಿಂತ ಹುಡುಗನೂ ಕಾಣುತ್ತಿದ್ದ. ಅವಳು ಅಳಲಿಲ್ಲ, ಆದರೆ ಎದೆ ಒಡೆದುಹೋಗಿತ್ತು. ಮೈದುನ ಹುಟ್ಟು ಮೇಲೆತ್ತಿ ಹಿಡಿದು, "ಅತ್ತಿಗೆ, ಮುಹೂರ್ತ ಮೀರುತ್ತದೆ" ಎಂದ. ಅತ್ತಿಗೆ ಬಿಡಲಿಲ್ಲ. ಅವನೂ ಬಿಡಲಿಲ್ಲ. ಇಬ್ಬರ ಜಗಳದಲ್ಲಿ ದೋಣಿಯನ್ನು ನೋಡುವವರಿಲ್ಲದೆ ಅದು ಅಡ್ಡ ತಿರುಗಿ ಕೆಳಕ್ಕೆ ಸಾಗಿತು.

ಆ ಹೊಳೆಯಲ್ಲಿ ಬಂಡೆಗಳು ಬಹಳ. ಅಂಬಿಗರು ಅವಕ್ಕೆ ಹೆದರುವುದಿಲ್ಲ. ನೀರು ಬಡಿದು ಮೊರೆಯುತ್ತದೆ, ದೂರದಿಂದಲೇ ತಿಳಿಯುತ್ತದೆ. ಅವರು ಹೆದರುವುದು ಕೆಳಗಿರುವ ಒಂದು ಮಡುವಿಗೆ. ಅದಕ್ಕೆ ಮೂಕನ ಮಡು ಎಂದು ಹೆಸರು. ಅಲ್ಲಿ ನೀರು ಮೇಲೆ ಎಣ್ಣೆಯ ಹಾಗೆ ಸುಮ್ಮನಿರುತ್ತದೆ, ಅಡಿಯಲ್ಲಿ ಸುಳಿ. ಅದರ ಬಾಯಿಗೆ ಸಿಕ್ಕ ದೋಣಿ ತಿರುಗಿ ಬಂದದ್ದಿಲ್ಲ.

ಪರದೆಯೊಳಗಿದ್ದ ಅಂಬಿಗನಿಗೆ ನೀರಿನ ಸದ್ದು ನಿಂತದ್ದು ಕೇಳಿಸಿತು. ಅವನು ಪರದೆ ಹರಿದುಕೊಂಡು ಹೊರಗೆ ಬಂದ. ಪದ್ಧತಿ ಮರೆತ. ಮೈದುನನ ಕೈಯಿಂದ ಹುಟ್ಟು ಕಿತ್ತುಕೊಂಡ. ಆಚೆ ದಡದ ಒಂದು ಅತ್ತಿ ಮರದ ಮೇಲೆ ಕಣ್ಣು ನೆಟ್ಟು ನೀರಿಗೆ ಬಿದ್ದವನು ಕೈ ಬಡಿಯುವ ಹಾಗೆ ಹುಟ್ಟು ಹಾಕಿದ. ದೋಣಿ ಮಡುವಿನ ಅಂಚು ಸವರಿಕೊಂಡು ಪಾರಾಗಿ ದಡ ಮುಟ್ಟಿತು.

ಎಲ್ಲರೂ ಇಳಿದ ಮೇಲೆ ಮಗಳು, "ಅಪ್ಪಾ, ನಿನ್ನ ಕೈ" ಎಂದಳು. ಹುಟ್ಟಿನ ಹಿಡಿಯಿಂದ ಬೆರಳುದ್ದದ ಸಿಬಿರು ಎದ್ದು ಅವನ ಅಂಗೈಗೆ ಹೊಕ್ಕಿತ್ತು. ಹಿಡಿಯೆಲ್ಲ ರಕ್ತ. ಅಂಬಿಗ ಕೈ ನೋಡಿಕೊಂಡ. ಆಗ ನೋವು ಬಂತು. ಎಂಥ ನೋವು ಅನ್ನುತ್ತೀಯೆ, ಆ ಧೀರ ದಡದ ಮೇಲೆ ಕುಕ್ಕರಿಸಿ ಕೂಸಿನ ಹಾಗೆ ಅತ್ತುಬಿಟ್ಟ.

ನಂಜುಂಡ ಇಲ್ಲಿ ತಡೆದ. "ಬುದ್ಧಿ, ಸಿಬಿರು ನಡುಹೊಳೆಯಲ್ಲೇ ಹೊಕ್ಕಿತ್ತಲ್ಲ. ಅಲ್ಲಿಯವರೆಗೆ ನೋವು ಎಲ್ಲಿತ್ತು?"

"ಎಲ್ಲೂ ಇರಲಿಲ್ಲ. ಕೈ ಸುದ್ದಿ ಕಳಿಸಿತ್ತು. ಸುದ್ದಿಯೇ ನೋವಲ್ಲ. ನೋವು ಮಾಡಬೇಕೋ ಬೇಡವೋ ಎಂದು ತೀರ್ಮಾನಿಸುವವಳು ಅಜ್ಜಿ. ಜೀವ ಹೋಗುವ ಹೊತ್ತಿನಲ್ಲಿ ಹುಟ್ಟು ಬಿಡು ಎಂದು ಹೇಳಿದರೆ ಮಗ ಮುಳುಗುತ್ತಾನೆ. ಅದಕ್ಕೆ ಬಾಯಿ ಮುಚ್ಚಿಕೊಂಡಳು. ದಡ ಸಿಕ್ಕಿದ ಮೇಲೆ, ಇನ್ನು ಈ ಕೈಯನ್ನು ಜೋಪಾನ ಮಾಡು ಎಂದು ಕೂಗಿದಳು."

"ಹಾಗಾದರೆ ನೋವು ಸುಳ್ಳೇ?"

ಬುದ್ಧಿಯವರು ಅವನ ತೊಡೆ ಚಿವುಟಿದರು. ನಂಜುಂಡ ಎಗರಿಬಿದ್ದ.

"ಸುಳ್ಳೋ?"

"ಇಲ್ಲ ಬುದ್ಧಿ, ನಿಜ."

"ಹಾಂ. ಅಜ್ಜಿ ಕೊಟ್ಟಳು ಎಂದ ಮಾತ್ರಕ್ಕೆ ಸುಳ್ಳಾಗುವುದಿಲ್ಲ. ಈಗ ಅಡ್ಡ ಬಾಯಿ ಹಾಕದೆ ಕೇಳು" ಎಂದು ಅವರು ಮುಂದುವರಿಸಿದರು.

ಬೀಗಿತ್ತಿ ಓಡಿಹೋಗಿ ಅರಿಸಿನ ತಂದಳು. ಸಿಬಿರು ಕಿತ್ತು, ಅರಿಸಿನ ಮೆತ್ತಿ, ತನ್ನ ಸೀರೆಯ ಸೆರಗನ್ನೇ ಹರಿದು ಕಟ್ಟಿದಳು. ಕಟ್ಟುತ್ತಾ, "ಹೊಟ್ಟೆ ಹೇಗಿದೆ?" ಎಂದು ಕೇಳಿದಳು.

"ಹಸಿಯುತ್ತಿದೆ" ಎಂದ ಅಂಬಿಗ.

ಅವಳು ಯೋಚಿಸಿದಳು. ವಿಷ ಕುಡಿದವನಿಗೆ ಹುಟ್ಟು ಹಿಡಿದರೆ ಹಸಿವಾಗುವುದಿಲ್ಲ. ತಪ್ಪಾಯಿತು ಎಂದು ಹೇಳುವ ಹೆಂಗಸಲ್ಲ ಅವಳು. "ಹುಟ್ಟು ಮುಟ್ಟಿದಿರಲ್ಲ, ಅದೂ ತಪ್ಪೇ" ಎಂದು ಗೊಣಗಿದಳು. ಆದರೆ ಗೊಣಗುತ್ತಲೇ ವಾಲಗದವರಿಗೆ ಕೈ ಬೀಸಿದಳು. ಮದುವೆಯಾಯಿತು. ಮಗಳ ಮುಖ ನೋಡಿ ಅಂಬಿಗ ಕೈನೋವನ್ನು ಅರ್ಧ ಮರೆತ. ಅದೂ ಅಜ್ಜಿಯ ಕೆಲಸವೇ.

ಮಾರನೆಯ ದಿನ ಗಂಡಿನವರನ್ನು ಈಚೆಗೆ ಕರೆತರುವ ಸರದಿ ಹೆಣ್ಣಿನವರದು. ಈಗ ಪರದೆಯೊಳಗೆ ಕಂಬಳಿಯ ಮೇಲೆ ಕೂತವಳು ಬೀಗಿತ್ತಿ. ಅಂಬಿಗ ಕೊಟ್ಟ ಪಾನಕವನ್ನು ಹನಿ ಉಳಿಸದೆ ಕುಡಿದಿದ್ದಳು. ನಡುಹೊಳೆ ಬಂತು. ಒಳಗಿನಿಂದ ಒಂದು ಸದ್ದು ಕೇಳಿಸಿತು. ಸೊಸೆ ಮುಖ ತಿರುಗಿಸಿಕೊಂಡು ನಕ್ಕಳು.

ಅಂಬಿಗ ಕೈಗೆ ಕಟ್ಟಿದ ಸೆರಗಿನ ಚೂರನ್ನು ನೋಡಿಕೊಂಡ. ಆಮೇಲೆ ಬಹಳ ಮರ್ಯಾದೆಯಿಂದ, "ಬೀಗಿತ್ತಿಯವರೇ, ನಮ್ಮ ಪಾನಕದಲ್ಲಿ ಏನಾದರೂ ಇತ್ತೇ?" ಎಂದು ಕೇಳಿದ.

ಒಳಗಿನಿಂದ ಒಂದು ಕೈ ಹೊರಬಂದು ಪರದೆಯನ್ನು ಕಿತ್ತು ಹೊಳೆಗೆ ಎಸೆಯಿತು. ಅಲ್ಲಿಂದೀಚೆಗೆ ಆ ಕಡೆ ಬೀಗರ ದೋಣಿಗೆ ಚಪ್ಪರವಿದೆ, ಪರದೆಯಿಲ್ಲ.

ಬುದ್ಧಿಯವರು ಕತೆ ನಿಲ್ಲಿಸಿದರು. "ನೀನು ಬಸ್ಸಿನಲ್ಲಿ ಪುಸ್ತಕದೊಳಗೆ ಮುಖ ಹುದುಗಿಸಿ ಕೂತಿದ್ದೆ. ಅದೇ ನಿನ್ನ ಪರದೆ. ಮುಂದಿನ ಸಲ ದಾರಿ ನೋಡುತ್ತಾ ಬಾ. ಮಂಡಿಯ ವಿಷಯವೂ ಅಷ್ಟೇ. ನೆಲದ ಮೇಲೆ ಅಷ್ಟು ಹೊತ್ತು ಕೂತು ನಿನಗೆ ರೂಢಿಯಿಲ್ಲ, ಅಜ್ಜಿಗೆ ಭಯ. ದಿನಾ ಸ್ವಲ್ಪ ಸ್ವಲ್ಪ ಕೂತು, ಏನೂ ಆಗುವುದಿಲ್ಲ ಎಂದು ಅವಳಿಗೆ ತೋರಿಸು. ಉಪವಾಸ ಕೆಡವಿದರೆ ಇನ್ನಷ್ಟು ಹೆದರುತ್ತಾಳೆ."

ನಂಜುಂಡ ತಟ್ಟೆಯ ಕಡೆ ನೋಡಿದ. ಮುದ್ದೆ ಆರುತ್ತಿತ್ತು. ಅವನು ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಕೈಯಲ್ಲೇ ಹಿಡಿದುಕೊಂಡ. ಮನಸ್ಸು ಇನ್ನೂ ಪೂರ್ತಿ ಒಪ್ಪಿರಲಿಲ್ಲ.

"ಆದರೂ ಬುದ್ಧಿ, ಅಷ್ಟು ಜನರ ಎದುರು ನನ್ನ ಮಾನ ಕಳೆಯಿತಲ್ಲ. ಧ್ಯಾನದಲ್ಲಿ ಅಷ್ಟು ನೋಯಿಸಿತಲ್ಲ. ಅದು ಹಗೆಯ ಕೆಲಸವಲ್ಲವೇ?" ಎಂದು ಕೇಳಿ ತುತ್ತನ್ನು ಬಾಯಿಗೆ ಹಾಕಿಕೊಂಡ.

"ಹಗೆಯಾಗಿದ್ದರೆ ಮೂಕನ ಮಡುವಿನ ಹಾಗೆ ಸುಮ್ಮನಿರುತ್ತಿತ್ತು, ಮಗು" ಎಂದರು ಬುದ್ಧಿಯವರು.

ನಂಜುಂಡ ಇನ್ನೊಂದು ತುತ್ತು ಮುರಿದ. ಮೊದಲನೆಯದು ಯಾವಾಗಲೋ ಒಳಗೆ ಇಳಿದಿತ್ತು.